ಅಳೆಯಬೇಕಾದದ್ದು ಮಗುವನ್ನಲ್ಲ



ದಿನ ತುಂಬುವ ಮೊದಲೇ ಹುಟ್ಟಿದ ಮಗುವನ್ನು ಆಸ್ಪತ್ರೆಯ ತೀವ್ರ ನಿಗಾ ಘಟಕಕ್ಕೆ ಸೇರಿಸಿದಾಗ, ಹೊರಗಿನ ಬೆಂಚಿನ ಮೇಲೆ ಎರಡು ಬಗೆಯ ಮಾತು ಕೇಳಿಬರುತ್ತದೆ. ಒಂದು: "ಒಂದು ಕಿಲೋ ಮಗು. ಉಳಿದರೂ ಎಲ್ಲರ ಹಾಗೆ ಬೆಳೆಯುತ್ತದಾ? ಹೆಣ್ಣು ಬೇರೆ. ಸುಮ್ಮನೆ ಯಾಕೆ ಸಾಲ ಮಾಡ್ತೀರಿ?" ಇನ್ನೊಂದು: "ಮನೆ ಮಾರಿದರೂ ಸರಿ, ಯಂತ್ರ ಮಾತ್ರ ತೆಗೆಯಬೇಡಿ. ತೆಗೆದರೆ ಪಾಪ." ಮೊದಲನೆಯದನ್ನು ಆಡುವವರು ಕಟುಕರಲ್ಲ, ಬಡತನವನ್ನು ಉಂಡು ಬೆಳೆದ ಹಿರಿಯರು. ಎರಡನೆಯದನ್ನು ಆಡುವವರು ಮೂಢರಲ್ಲ, ದೇವರಿಗೆ ಅಂಜುವವರು. ಇವೆರಡರ ನಡುವೆ ನಿಂತ ತಂದೆ ಮಾತ್ರ ಡಾಕ್ಟರು ಕೊಟ್ಟ ಕಾಗದವನ್ನು ಕೈಯಲ್ಲಿ ಹಿಡಿದು ಯಾರ ಮಾತು ಕೇಳಬೇಕೆಂದು ತಿಳಿಯದೆ ಒದ್ದಾಡುತ್ತಾನೆ.

ಇಂಥ ಮಗುವಿಗೆ ಎಷ್ಟು ಮಾಡಬೇಕು? ಎಲ್ಲಿ ನಿಲ್ಲಿಸಬಹುದು? ನಿಲ್ಲಿಸುವುದು ಕೊಲ್ಲುವುದಾಗುತ್ತದೆಯೇ? ಈ ಪ್ರಶ್ನೆಗಳನ್ನು ಆಸ್ಪತ್ರೆಯ ಬೆಂಚಿನ ಮೇಲೆ ಮೊದಲ ಬಾರಿಗೆ ಕೇಳಿಕೊಳ್ಳುವುದಕ್ಕಿಂತ, ಮನಸ್ಸು ಶಾಂತವಾಗಿರುವಾಗಲೇ ಯೋಚಿಸಿಡುವುದು ಒಳ್ಳೆಯದು. ಈ ಲೇಖನಕ್ಕೆ ಹೇಳಲಿಕ್ಕಿರುವುದು ಒಂದೇ ಮಾತು. ನಾವು ಅಳೆಯಬೇಕಾದದ್ದು ಚಿಕಿತ್ಸೆಯನ್ನು, ಮಗುವನ್ನಲ್ಲ. ಮೇಲಿನ ಎರಡು ಮಾತುಗಳೂ ತಪ್ಪುವುದು ಇಲ್ಲೇ. ಮೊದಲನೆಯದು ಮಗುವನ್ನು ತೂಕಕ್ಕೆ ಹಾಕುತ್ತದೆ. ಎರಡನೆಯದು ಚಿಕಿತ್ಸೆಯನ್ನು ತೂಗಲು ಒಪ್ಪುವುದೇ ಇಲ್ಲ.

ಮಗುವನ್ನು ತೂಗಿದಾಗ

1982ರ ಏಪ್ರಿಲ್‌ನಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯದ ಬ್ಲೂಮಿಂಗ್ಟನ್ ಎಂಬ ಊರಿನಲ್ಲಿ ಒಂದು ಗಂಡು ಮಗು ಹುಟ್ಟಿತು. ಅದಕ್ಕೆ ಡೌನ್ ಸಿಂಡ್ರೋಮ್ ಇತ್ತು. ಅಂದರೆ ಬುದ್ಧಿಯ ಬೆಳವಣಿಗೆ ನಿಧಾನವಾಗುವ ಹುಟ್ಟು ಸ್ಥಿತಿ. ಜೊತೆಗೆ ಅನ್ನನಾಳ ಹೊಟ್ಟೆಗೆ ಕೂಡಿಕೊಂಡಿರಲಿಲ್ಲ. ಬಾಯಿಂದ ಕೊಟ್ಟ ಹಾಲು ಹೊಟ್ಟೆಗೆ ಇಳಿಯುವಂತಿರಲಿಲ್ಲ. ಅನ್ನನಾಳವನ್ನು ಶಸ್ತ್ರಚಿಕಿತ್ಸೆಯಿಂದ ಜೋಡಿಸಬಹುದಾಗಿತ್ತು. ತಂದೆತಾಯಿ ಅದು ಬೇಡವೆಂದರು. ನ್ಯಾಯಾಲಯ ಅವರ ನಿರ್ಧಾರವನ್ನು ಎತ್ತಿಹಿಡಿಯಿತು. ಮಗುವನ್ನು ದತ್ತು ತೆಗೆದುಕೊಳ್ಳಲು ಬೇರೆ ಕುಟುಂಬಗಳು ಮುಂದೆ ಬಂದವು, ಆದರೂ ಪ್ರಯೋಜನವಾಗಲಿಲ್ಲ. ಆರು ದಿನಕ್ಕೆ ಮಗು ತೀರಿಕೊಂಡಿತು. ಆ ಮಗುವಿನ ಹೆಸರು ಹೊರಗೆ ಬರಲಿಲ್ಲ. 'ಬೇಬಿ ಡೋ' ಎಂದು ಜಗತ್ತು ಕರೆಯಿತು. ಅದರ ಸಾವು ಎಬ್ಬಿಸಿದ ಚರ್ಚೆಯಿಂದ 1984ರಲ್ಲಿ ಅಲ್ಲಿನ ಸಂಸತ್ತು ಅಂಗವಿಕಲತೆಯ ಕಾರಣಕ್ಕೆ ಶಿಶುಗಳಿಗೆ ಬೇಕಾದ ಚಿಕಿತ್ಸೆ ತಪ್ಪಿಸಬಾರದೆಂದು ಕಾನೂನಿಗೆ ತಿದ್ದುಪಡಿ ತಂದಿತು.

ಇಲ್ಲಿ ನಡೆದದ್ದೇನೆಂದು ನೋಡೋಣ. ಅದೇ ಅನ್ನನಾಳದ ತೊಂದರೆಯಿರುವ, ಆದರೆ ಡೌನ್ ಸಿಂಡ್ರೋಮ್ ಇಲ್ಲದ ಮಗುವೊಂದು ಪಕ್ಕದ ತೊಟ್ಟಿಲಲ್ಲಿ ಇದ್ದಿದ್ದರೆ ಯಾರೂ ಶಸ್ತ್ರಚಿಕಿತ್ಸೆ ಬೇಡವೆನ್ನುತ್ತಿರಲಿಲ್ಲ. ಹಾಗಾದರೆ ನಿರಾಕರಣೆಗೆ ಕಾರಣ ಚಿಕಿತ್ಸೆಯ ಕಷ್ಟವಲ್ಲ, ಮಗು ಎಂಥದ್ದು ಎಂಬುದು. ನಮಗೆ ನಾವೇ ಹಾಕಿಕೊಳ್ಳಬಹುದಾದ ಪರೀಕ್ಷೆ ಇದು. "ಇದೇ ಕಾಯಿಲೆ ಇನ್ನೊಂದು ಮಗುವಿಗೆ ಬಂದಿದ್ದರೆ ಈ ಚಿಕಿತ್ಸೆ ಕೊಡಿಸುತ್ತಿದ್ದೆವಾ? ಇದು ಗಂಡಾಗಿದ್ದರೆ? ಮೊದಲ ಮಗುವಾಗಿದ್ದರೆ? ಕೈಕಾಲು ನೆಟ್ಟಗಿದ್ದಿದ್ದರೆ?" ಉತ್ತರ ಬದಲಾಗುವುದಾದರೆ, ನಾವು ತಕ್ಕಡಿಯಲ್ಲಿ ಇಟ್ಟಿರುವುದು ಮಗುವನ್ನೇ.

ಸಣ್ಣ ಮಗು ಸಾಯುವುದು ವಿಧಿ ಎನ್ನುವ ಮಾತೂ ಹೀಗೆಯೇ. 2020ರ ಸರ್ಕಾರಿ ಮಾದರಿ ನೋಂದಣಿ ವ್ಯವಸ್ಥೆಯ ಲೆಕ್ಕದಲ್ಲಿ, ಭಾರತದಲ್ಲಿ ಜೀವಂತವಾಗಿ ಹುಟ್ಟಿದ ಸಾವಿರ ಮಕ್ಕಳಲ್ಲಿ 20 ಮಕ್ಕಳು ಮೊದಲ ನಾಲ್ಕು ವಾರಗಳಲ್ಲೇ ತೀರಿಕೊಂಡರು. ನೆರೆಯ ಕೇರಳದಲ್ಲಿ ಆ ಸಂಖ್ಯೆ 4. ಕೇರಳದ ಮಕ್ಕಳು ಬೇರೆ ಮಣ್ಣಿನಿಂದ ಆದವರಲ್ಲ. ಅಲ್ಲಿ ತಾಯಂದಿರ ಓದು, ಆಸ್ಪತ್ರೆಯ ಹತ್ತಿರ, ನರ್ಸುಗಳ ಆರೈಕೆ ಬೇರೆ. ದೇವರ ಚಿತ್ತ ಎಂದು ನಾವು ಕೈಮುಗಿಯುವ ಎಷ್ಟೋ ಸಾವುಗಳು ನಿಜಕ್ಕೂ ದಾರಿಯ, ದುಡ್ಡಿನ, ತಡದ ಸಾವುಗಳು.

ಚಿಕಿತ್ಸೆಯನ್ನು ತೂಗದೆ ಇದ್ದಾಗ

ಇನ್ನು ಎರಡನೆಯ ತಪ್ಪು. ಪ್ರೀತಿಯಿಂದ ಕೊಟ್ಟದ್ದೆಲ್ಲ ಒಳ್ಳೆಯದನ್ನೇ ಮಾಡುತ್ತದೆ ಎಂಬ ನಂಬಿಕೆ ಎಷ್ಟು ಅಪಾಯಕಾರಿ ಎಂಬುದಕ್ಕೆ ನವಜಾತ ಶಿಶುಗಳ ವೈದ್ಯಕೀಯ ಚರಿತ್ರೆಯಲ್ಲೇ ಒಂದು ದೊಡ್ಡ ಪಾಠವಿದೆ.

1940ರ ದಶಕದಲ್ಲಿ ಶ್ರೀಮಂತ ದೇಶಗಳ ಒಳ್ಳೆಯ ಆಸ್ಪತ್ರೆಗಳು ತಿಂಗಳು ತುಂಬದ ಮಕ್ಕಳಿಗೆ ಗಾಜಿನ ಪೆಟ್ಟಿಗೆಯೊಳಗೆ ಧಾರಾಳವಾಗಿ ಆಮ್ಲಜನಕ ಕೊಡತೊಡಗಿದವು. ಮಕ್ಕಳ ಮೈ ಕೆಂಪಗಾಗುತ್ತಿತ್ತು, ನೋಡಿದವರಿಗೆ ಸಮಾಧಾನವಾಗುತ್ತಿತ್ತು. ಅದೇ ಹೊತ್ತಿಗೆ ಬದುಕುಳಿದ ಮಕ್ಕಳಲ್ಲಿ ಒಂದು ಹೊಸ ಕುರುಡುತನ ಕಾಣಿಸಿಕೊಂಡಿತು. 1942ರಲ್ಲಿ ಬಾಸ್ಟನ್ನಿನ ಕಣ್ಣಿನ ವೈದ್ಯ ಥಿಯೋಡರ್ ಟೆರಿ ಅದನ್ನು ಮೊದಲು ವರದಿ ಮಾಡಿದರು. ಒಂದು ದಶಕದ ಆಸುಪಾಸಿನಲ್ಲಿ ಸುಮಾರು 10,000 ಮಕ್ಕಳು ದೃಷ್ಟಿ ಕಳೆದುಕೊಂಡರು. ಪ್ರಸಿದ್ಧ ಗಾಯಕ ಸ್ಟೀವಿ ವಂಡರ್ ಕೂಡ 1950ರಲ್ಲಿ ದಿನ ತುಂಬದೆ ಹುಟ್ಟಿ ಇದೇ ತೊಂದರೆಯಿಂದ ಕುರುಡಾದವರು.

ಕಾರಣ ತಿಳಿಯದೆ ವೈದ್ಯರು ಕೈಗೆ ಸಿಕ್ಕಿದ್ದನ್ನೆಲ್ಲ ಮಾಡಿ ನೋಡಿದರು. ನ್ಯೂಯಾರ್ಕಿನ ಡಾ. ವಿಲಿಯಂ ಸಿಲ್ವರ್‌ಮನ್ ಮತ್ತು ಅವರ ಸಂಗಡಿಗರು ಎಸಿಟಿಎಚ್ ಎಂಬ ಹಾರ್ಮೋನ್ ಔಷಧಿ ಕೊಟ್ಟರು. 31 ಮಕ್ಕಳಿಗೆ ಕೊಟ್ಟಾಗ 25 ಮಕ್ಕಳ ಕಣ್ಣು ಚೆನ್ನಾಗಿಯೇ ಉಳಿಯಿತು. ಬೇರೆಯವರಾಗಿದ್ದರೆ ಮದ್ದು ಸಿಕ್ಕಿತೆಂದು ಸಾರಿಬಿಡುತ್ತಿದ್ದರೇನೋ. ಅವರು ಹಾಗೆ ಮಾಡಲಿಲ್ಲ. ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಔಷಧಿ ಕೊಟ್ಟು ಇನ್ನೊಂದಕ್ಕೆ ಕೊಡದೆ ಹೋಲಿಸಿದರು. ಔಷಧಿಯಿಂದ ಕಣ್ಣಿಗೆ ಲಾಭವಾಗಿರಲಿಲ್ಲ. ಬದಲಿಗೆ ಔಷಧಿ ಪಡೆದ ಗುಂಪಿನಲ್ಲಿ ಸಾವು ಹೆಚ್ಚಾಗಿತ್ತು. ಮೊದಲು ಕಂಡ ಗುಣ, ಈ ರೋಗ ಎಷ್ಟೋ ಸಲ ತನ್ನಷ್ಟಕ್ಕೇ ಇಳಿಯುವುದರಿಂದ ಬಂದದ್ದು.

ಕೊನೆಗೆ 1953ರಲ್ಲಿ ಅಮೆರಿಕದ 18 ಆಸ್ಪತ್ರೆಗಳು ಒಟ್ಟಾಗಿ ಆಮ್ಲಜನಕವನ್ನೇ ಪರೀಕ್ಷೆಗೆ ಒಡ್ಡಿದವು. ಮರುವರ್ಷ ಉತ್ತರ ಸಿಕ್ಕಿತು: ಹಿಡಿತವಿಲ್ಲದೆ ಕೊಟ್ಟ ಆಮ್ಲಜನಕವೇ ಕಣ್ಣು ಕೆಡಿಸುತ್ತಿತ್ತು. ಕಥೆ ಅಲ್ಲಿಗೂ ಮುಗಿಯಲಿಲ್ಲ. ಹೆದರಿದ ಆಸ್ಪತ್ರೆಗಳು ಆಮ್ಲಜನಕವನ್ನು ತೀರಾ ಕಡಿಮೆ ಮಾಡಿದವು. ಆಗ ಕಣ್ಣು ಉಳಿದವು, ಆದರೆ ಉಸಿರು ಸಾಲದೆ ಮಕ್ಕಳು ಸತ್ತರು. ಎಷ್ಟು ಕೊಟ್ಟರೆ ಸರಿ ಎಂಬ ಲೆಕ್ಕ ಅರ್ಧ ಶತಮಾನದ ನಂತರವೂ ನಡೆದಿತ್ತು.

ಇವತ್ತು ನಿಗಾ ಘಟಕದಲ್ಲಿ ಮಗುವಿನ ಕಾಲಿಗೆ ಕಟ್ಟಿದ ಪುಟ್ಟ ಕೆಂಪು ದೀಪ ರಕ್ತದ ಆಮ್ಲಜನಕವನ್ನು ಎಣಿಸುತ್ತಿರುತ್ತದೆ. ದಿನ ತುಂಬದೆ ಹುಟ್ಟಿದ ಮಗುವಿಗೆ 30 ದಿನದೊಳಗೆ ಕಣ್ಣಿನ ಪರೀಕ್ಷೆ ಆಗಲೇಬೇಕೆಂದು ವೈದ್ಯರು ಹೇಳುತ್ತಾರೆ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ 'ಕಿಡ್‌ರಾಪ್' ಯೋಜನೆ ಕರ್ನಾಟಕದ ಹಳ್ಳಿ ಪಟ್ಟಣಗಳ ಆಸ್ಪತ್ರೆಗಳಿಗೇ ಕ್ಯಾಮೆರಾ ಒಯ್ದು ಈ ಪರೀಕ್ಷೆ ಮಾಡಿದ್ದು ಇದಕ್ಕೇ. ಆ ಕಾಳಜಿಯ ಹಿಂದೆ ಹತ್ತು ಸಾವಿರ ಮಕ್ಕಳು ಕಳೆದುಕೊಂಡ ಬೆಳಕಿದೆ. ಆಸ್ಪತ್ರೆಯಿಂದ ಮನೆಗೆ ಬಂದ ಸಂತೋಷದಲ್ಲಿ ದಯವಿಟ್ಟು ಆ ಪರೀಕ್ಷೆಯನ್ನು ಮರೆಯಬೇಡಿ.

ಸಂಶೋಧನೆಯ ಋಣ

"ನಮ್ಮ ಮಗುವಿನ ಮೇಲೆ ಪ್ರಯೋಗ ಮಾಡ್ತಾರಾ?" ಎಂದು ಜನ ಬೆಚ್ಚಿಬೀಳುತ್ತಾರೆ. ಆ ಭಯ ಅರ್ಥವಾಗುವಂಥದ್ದೇ. ಆದರೆ ಇನ್ನೊಂದು ಮುಖವನ್ನೂ ನೋಡಬೇಕು. ಪರೀಕ್ಷೆಯೇ ಇಲ್ಲದೆ ಆಮ್ಲಜನಕ ಸುರಿದದ್ದೂ ಒಂದು ಪ್ರಯೋಗವೇ. ಲೆಕ್ಕವಿಡದ, ಯಾರ ಒಪ್ಪಿಗೆಯನ್ನೂ ಕೇಳದ ಪ್ರಯೋಗ.

1963ರ ಆಗಸ್ಟ್ 7ರಂದು ಅಮೆರಿಕದ ಕಥೋಲಿಕ ಅಧ್ಯಕ್ಷ ಜಾನ್ ಕೆನಡಿ ಅವರಿಗೆ ಒಂದು ಗಂಡು ಮಗು ಹುಟ್ಟಿತು. ಐದೂವರೆ ವಾರ ಮೊದಲೇ ಹುಟ್ಟಿದ ಆ ಮಗುವಿನ ತೂಕ ಸುಮಾರು 2.1 ಕಿಲೋ. ಪ್ಯಾಟ್ರಿಕ್ ಎಂದು ಹೆಸರಿಟ್ಟು ತಕ್ಷಣವೇ ಜ್ಞಾನಸ್ನಾನ ಕೊಡಿಸಿದರು. ಜಗತ್ತಿನ ಅತ್ಯಂತ ಬಲಶಾಲಿ ದೇಶದ ಅಧ್ಯಕ್ಷನ ಮಗುವಿಗೆ ಕೊಡಲಾಗದ ಚಿಕಿತ್ಸೆ ಯಾವುದಿತ್ತು? ಆದರೂ 39 ಗಂಟೆಗಳಲ್ಲಿ ಮಗು ತೀರಿಕೊಂಡಿತು. ಶ್ವಾಸಕೋಶ ಅರಳಲು ಬೇಕಾದ ಸರ್ಫ್ಯಾಕ್ಟೆಂಟ್ ಎಂಬ ಜಿಡ್ಡಿನಂಥ ವಸ್ತು ಇಂಥ ಮಕ್ಕಳಲ್ಲಿ ಸಾಲದಾಗಿರುತ್ತದೆ ಎಂದು ಮೇರಿ ಎಲೆನ್ ಏವರಿ ಮತ್ತು ಜೀರ್ ಮೀಡ್ 1959ರಲ್ಲೇ ತೋರಿಸಿದ್ದರು, ಆದರೆ ಕೊಡಲು ಔಷಧಿ ಇರಲಿಲ್ಲ. 1980ರಲ್ಲಿ ಜಪಾನಿನ ಡಾ. ತೆತ್ಸುರೊ ಫುಜಿವಾರಾ ದನದ ಶ್ವಾಸಕೋಶದಿಂದ ತಯಾರಿಸಿದ ಆ ವಸ್ತುವನ್ನು 10 ಮಕ್ಕಳಿಗೆ ಕೊಟ್ಟು ಗುಣವಾದದ್ದನ್ನು ಪ್ರಕಟಿಸಿದರು. ಹೆರಿಗೆಗೆ ಮುನ್ನ ತಾಯಿಗೆ ಸ್ಟೆರಾಯ್ಡ್ ಸೂಜಿ ಕೊಟ್ಟರೆ ಮಗುವಿನ ಶ್ವಾಸಕೋಶ ಬೇಗ ಬಲಿಯುತ್ತದೆ ಎಂದು ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ 1972ರಲ್ಲಿ ತೋರಿಸಿದ್ದರು. ಇಂದು ಪ್ಯಾಟ್ರಿಕ್‌ನಷ್ಟು ತೂಕದ ಮಗು ಜಿಲ್ಲಾ ಆಸ್ಪತ್ರೆಯ ವಿಶೇಷ ಆರೈಕೆ ಘಟಕದಿಂದಲೂ ನಗುತ್ತಾ ಮನೆಗೆ ಹೋಗುತ್ತದೆ. ಅಧ್ಯಕ್ಷನಿಗೆ ದಕ್ಕದ್ದು ಕೂಲಿಕಾರನ ಮನೆಗೆ ದಕ್ಕಿದೆ. ನಡುವೆ ಇರುವುದು ಯಾರದೋ ಮಕ್ಕಳ ಮೇಲೆ ನಡೆದ, ಯಾರೋ ತಂದೆತಾಯಿ ಒಪ್ಪಿಗೆ ಕೊಟ್ಟ ಸಂಶೋಧನೆ. ಅದು ನಮ್ಮೆಲ್ಲರ ಮೇಲಿರುವ ಋಣ.

ಹಾಗೆಂದು ಕೇಳಿದಲ್ಲೆಲ್ಲ ಹೆಬ್ಬೆಟ್ಟು ಒತ್ತಬೇಕಿಲ್ಲ. ಅಮೆರಿಕದಲ್ಲಿ 1,300ಕ್ಕೂ ಹೆಚ್ಚು ಶಿಶುಗಳ ಮೇಲೆ ನಡೆದ 'ಸಪೋರ್ಟ್' ಎಂಬ ಆಮ್ಲಜನಕದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಕಡಿಮೆ ಆಮ್ಲಜನಕದ ಗುಂಪಿನಲ್ಲಿ ಕಣ್ಣಿನ ತೊಂದರೆ ಕಡಿಮೆ, ಆದರೆ ಸಾವು ಹೆಚ್ಚು ಎಂದು ತಿಳಿಯಿತು. ಬೆಲೆಯುಳ್ಳ ತಿಳಿವಳಿಕೆ. ಆದರೆ ತಂದೆತಾಯಿಗೆ ಕೊಟ್ಟ ಒಪ್ಪಿಗೆ ಪತ್ರದಲ್ಲಿ ಅಪಾಯಗಳನ್ನು ಸರಿಯಾಗಿ ತಿಳಿಸಿರಲಿಲ್ಲವೆಂದು 2013ರಲ್ಲಿ ಅಲ್ಲಿನ ಸರ್ಕಾರಿ ಮೇಲ್ವಿಚಾರಣಾ ಕಚೇರಿ ಆಕ್ಷೇಪಿಸಿತು. ವೈದ್ಯರ ನಡುವೆಯೇ ದೊಡ್ಡ ವಾದ ನಡೆಯಿತು. ಒಳ್ಳೆಯ ಉದ್ದೇಶ ಸತ್ಯ ಹೇಳುವ ಕರ್ತವ್ಯವನ್ನು ಕಡಿಮೆ ಮಾಡುವುದಿಲ್ಲ. ಸಂಶೋಧನೆ ಅಳೆಯಬೇಕಾದದ್ದು ಚಿಕಿತ್ಸೆಯನ್ನು. ಮಗುವನ್ನು ಅಳತೆಗೋಲಿನ ಹಾಗೆ ಬಳಸಬಾರದು.

ಇದು ಗಡಿಯಲ್ಲಿ ಬಾಳುವ ನಮಗೆ ಇನ್ನಷ್ಟು ಹತ್ತಿರದ ವಿಷಯ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಆಸ್ಪತ್ರೆಯ ಕಾಗದದಲ್ಲಿ ಇಂಗ್ಲಿಷ್. ತಾಳವಾಡಿ ಸೀಮೆಯಿಂದ ದಿಂಬಂ ಘಟ್ಟದ 27 ತಿರುವು ಇಳಿದು ಬಂದ ಬಾಣಂತಿಗೆ ಡಾಕ್ಟರು ತಮಿಳಿನಲ್ಲಿ ಹೇಳಿದ್ದು ಅರ್ಧ ತಿಳಿದಿರುತ್ತದೆ, ತಲೆಯಾಡಿಸಿರುತ್ತಾಳೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿ, ಸಂಶೋಧನೆಯ ಒಪ್ಪಿಗೆಯನ್ನು ಅವರಿಗೆ ತಿಳಿಯುವ ಭಾಷೆಯಲ್ಲೇ ಪಡೆಯಬೇಕೆನ್ನುತ್ತದೆ. ಆದ್ದರಿಂದ ಕೇಳಲು ನಾಚಿಕೆ ಬೇಡ: "ಇದು ಚಿಕಿತ್ಸೆಯಾ, ಸಂಶೋಧನೆಯಾ? ಒಪ್ಪದಿದ್ದರೆ ಮಗುವಿನ ಆರೈಕೆಗೆ ತೊಂದರೆಯಾಗುತ್ತದಾ? ನಡುವೆ ಬಿಡಬಹುದಾ? ಕನ್ನಡದಲ್ಲಿ ಯಾರಾದರೂ ಹೇಳುತ್ತೀರಾ?" ಎರಡೂ ಭಾಷೆ ಬಲ್ಲ ನಮ್ಮ ಧರ್ಮಕೇಂದ್ರದ ಒಬ್ಬ ಯುವಕನೋ ಯುವತಿಯೋ ಆ ದಿನ ಆಸ್ಪತ್ರೆಗೆ ಹೋಗಿ ಪಕ್ಕದಲ್ಲಿ ನಿಂತರೆ, ಅದು ಸಣ್ಣ ಸೇವೆಯಲ್ಲ.

ತಾಯಿಯ ಎದೆಯೂ ಒಂದು ಔಷಧ

ಚಿಕಿತ್ಸೆಯನ್ನು ಪ್ರಾಮಾಣಿಕವಾಗಿ ಅಳೆದಾಗ ಯಾವಾಗಲೂ ದುಬಾರಿ ಯಂತ್ರವೇ ಗೆಲ್ಲುವುದಿಲ್ಲ. 1978ರ ಸುಮಾರಿಗೆ ಕೊಲಂಬಿಯಾ ದೇಶದ ಬೊಗೋಟಾ ನಗರದಲ್ಲಿ ಡಾ. ಎಡ್ಗರ್ ರೇ ಅವರಿದ್ದ ಬಡವರ ಹೆರಿಗೆ ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಗಳು ಸಾಲುತ್ತಿರಲಿಲ್ಲ. ಅವರು ಮಗುವನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಸಿದರು, ಡಾ. ಹೆಕ್ಟರ್ ಮಾರ್ಟಿನೆಜ್ ಅದನ್ನು ಮುಂದುವರಿಸಿದರು. ಕಾಂಗರೂ ಆರೈಕೆ ಎಂದು ಇಂದು ಎಲ್ಲ ಕಡೆ ಕರೆಯುವುದು ಇದನ್ನೇ. ಬಹುಕಾಲ ಇದನ್ನು ಬಡವರ ಬದಲಿ ವ್ಯವಸ್ಥೆ ಎಂದುಕೊಂಡಿದ್ದರು. ವಿಶ್ವ ಆರೋಗ್ಯ ಸಂಸ್ಥೆ ಭಾರತ ಮತ್ತು ಆಫ್ರಿಕದ ನಾಲ್ಕು ದೇಶಗಳ ಆಸ್ಪತ್ರೆಗಳಲ್ಲಿ, ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಸೇರಿ, 1 ಕಿಲೋದಿಂದ 1.8 ಕಿಲೋ ಒಳಗಿನ 3,211 ಮಕ್ಕಳಲ್ಲಿ ಇದನ್ನು ಪರೀಕ್ಷಿಸಿತು. ಮಗು ಚೇತರಿಸಿಕೊಳ್ಳುವ ತನಕ ಕಾಯದೆ ಹುಟ್ಟಿದ ಕೂಡಲೇ ತಾಯಿಯ ಎದೆಗೆ ಕೊಟ್ಟ ಗುಂಪಿನಲ್ಲಿ ನಾಲ್ಕು ವಾರಗಳೊಳಗಿನ ಸಾವು 12 ಪ್ರತಿಶತ. ಹಳೆಯ ಪದ್ಧತಿಯ ಗುಂಪಿನಲ್ಲಿ 15.7. ವ್ಯತ್ಯಾಸ ಎಷ್ಟು ಸ್ಪಷ್ಟವಾಗಿತ್ತೆಂದರೆ ಅಧ್ಯಯನವನ್ನು ಮೊದಲೇ ನಿಲ್ಲಿಸಿದರು. ಫಲಿತಾಂಶ 2021ರಲ್ಲಿ ಪ್ರಕಟವಾಯಿತು.

ಅಳತೆ ನಮಗೆ ಮತ್ತೊಂದು ಸತ್ಯವನ್ನೂ ಕಲಿಸಿತು. 1980ರ ದಶಕದ ತನಕ ನವಜಾತ ಶಿಶುಗಳಿಗೆ ನೋವು ಅಷ್ಟಾಗಿ ತಿಳಿಯದೆಂದು ಎಣಿಸಿ, ಸಾಕಷ್ಟು ನೋವುನಿವಾರಕ ಕೊಡದೆಯೇ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಭಾರತೀಯ ಮೂಲದ ಡಾ. ಕನ್ವಲ್‌ಜೀತ್ ಆನಂದ್ ಇಂಗ್ಲೆಂಡಿನಲ್ಲಿ ಅಧ್ಯಯನ ಮಾಡಿ, ಸರಿಯಾದ ನೋವುನಿವಾರಕ ಪಡೆದ ಶಿಶುಗಳು ಹೆಚ್ಚು ಚೆನ್ನಾಗಿ ಚೇತರಿಸಿಕೊಳ್ಳುತ್ತವೆ ಎಂದು 1987ರಲ್ಲಿ ತೋರಿಸಿದರು. ಅಳಲೂ ತ್ರಾಣವಿಲ್ಲದ ಮಗುವಿಗೂ ನೋವಿದೆ. ಯಂತ್ರ ತೆಗೆಯಬೇಡಿ ಎನ್ನುವ ಮುನ್ನ ಇದನ್ನೂ ನೆನೆಯಬೇಕು.

ಧರ್ಮಸಭೆ ಏನು ಹೇಳುತ್ತದೆ

ಚಿಕಿತ್ಸೆ ಫಲಿಸದಿದ್ದಾಗ? 1957ರ ನವೆಂಬರ್ 24ರಂದು ಅರಿವಳಿಕೆ ತಜ್ಞರೊಡನೆ ಮಾತನಾಡಿದ ಜಗದ್ಗುರು ಹನ್ನೆರಡನೆಯ ಪಯಸ್, ಉಸಿರಾಟದ ಯಂತ್ರದ ಬಗ್ಗೆಯೇ ಈ ಪ್ರಶ್ನೆಗೆ ಉತ್ತರಿಸಿದರು. ಜೀವ ಕಾಪಾಡಲು ಸಾಧಾರಣ ಉಪಾಯಗಳನ್ನು ಬಳಸುವುದು ಕರ್ತವ್ಯ; ರೋಗಿಗೂ ಇತರರಿಗೂ ಮಿತಿಮೀರಿದ ಹೊರೆಯಾಗುವ ಅಸಾಧಾರಣ ಉಪಾಯಗಳಿಗೆ ಯಾರೂ ಕಟ್ಟುಬಿದ್ದಿಲ್ಲ ಎಂಬುದು ಅವರ ಮಾತಿನ ಸಾರ. 1980ರ ಮೇ 5ರ ವ್ಯಾಟಿಕನ್ ಘೋಷಣೆ ಇದನ್ನು ಇನ್ನೂ ಬಿಡಿಸಿ ಹೇಳಿತು: ಚಿಕಿತ್ಸೆ ಯಾವ ಬಗೆಯದು, ಎಷ್ಟು ಅಪಾಯದ್ದು, ಎಷ್ಟು ಖರ್ಚಿನದ್ದು ಎಂಬುದನ್ನು ಅದರಿಂದ ನಿರೀಕ್ಷಿಸಬಹುದಾದ ಫಲದೊಂದಿಗೆ, ರೋಗಿಯ ತ್ರಾಣದೊಂದಿಗೆ ತೂಗಿ ನೋಡಬೇಕು. ನಮ್ಮ ಧರ್ಮೋಪದೇಶ ಗ್ರಂಥದ 2278ನೆಯ ಪರಿಚ್ಛೇದದಲ್ಲೂ ಇದೇ ಬೋಧನೆಯಿದೆ: ಹೊರೆಯಾದ, ಫಲಕ್ಕೆ ಮೀರಿದ ಚಿಕಿತ್ಸೆಯನ್ನು ನಿಲ್ಲಿಸುವುದು ಸಾವನ್ನು ಬಯಸುವುದಲ್ಲ, ತಡೆಯಲಾಗದ ಸಾವನ್ನು ಒಪ್ಪಿಕೊಳ್ಳುವುದು.

ಗಮನಿಸಿ. ಇಲ್ಲಿ ತೂಗಲು ಹೇಳಿರುವುದೆಲ್ಲ ಚಿಕಿತ್ಸೆಯ ಗುಣಗಳನ್ನು. ಈ ಮಗು ಬದುಕಲು ಯೋಗ್ಯವೇ ಎಂಬ ಪ್ರಶ್ನೆ ಆ ಪಟ್ಟಿಯಲ್ಲಿ ಇಲ್ಲವೇ ಇಲ್ಲ.

ಆದ್ದರಿಂದ ಡಾಕ್ಟರ ಎದುರು ಕುಳಿತಾಗ ಮೂರು ವಿಷಯ ಕೇಳಿ. ಈ ಚಿಕಿತ್ಸೆಯಿಂದ ಮಗು ಗುಣವಾಗುವ ಭರವಸೆ ಇದೆಯೇ, ಅಥವಾ ಸಾವನ್ನು ಮಾತ್ರ ಮುಂದೂಡುತ್ತಿದೆಯೇ? ಇದರಿಂದ ಮಗುವಿಗೆ ಆಗುತ್ತಿರುವ ನೋವೆಷ್ಟು? ಇನ್ನು ಎಷ್ಟು ದಿನ ನೋಡಿದರೆ ಸ್ಪಷ್ಟವಾಗುತ್ತದೆ? ಮೂರನೆಯ ಪ್ರಶ್ನೆ ಮುಖ್ಯ. ಮೊದಲ ದಿನಗಳಲ್ಲಿ ಯಾರಿಗೂ ಖಚಿತವಾಗಿ ತಿಳಿದಿರುವುದಿಲ್ಲ. ಒಮ್ಮೆ ಯಂತ್ರ ಹಾಕಿದರೆ ತೆಗೆಯುವಂತಿಲ್ಲ ಎಂಬ ಭಯದಿಂದ ಕೆಲವರು ಹಾಕಿಸುವುದಕ್ಕೇ ಹಿಂಜರಿಯುತ್ತಾರೆ. ಇದು ತಪ್ಪು ತಿಳಿವಳಿಕೆ. ಪ್ರಯತ್ನಿಸಿ ನೋಡಿ, ಫಲಿಸಲಿಲ್ಲವೆಂದು ವೈದ್ಯರೊಡನೆ ತಿಳಿದ ಮೇಲೆ ನಿಲ್ಲಿಸುವುದು, ಪ್ರಯತ್ನಿಸದೇ ಇರುವುದಕ್ಕಿಂತ ಹೆಚ್ಚಿನ ಪಾಪವೇನಲ್ಲ. ಸಂಶಯವಿದ್ದಾಗ ಪ್ರಯತ್ನದ ಕಡೆಗೇ ವಾಲಬೇಕು.

ಚಿಕಿತ್ಸೆ ನಿಂತರೂ ಆರೈಕೆ ನಿಲ್ಲುವುದಿಲ್ಲ. ಬೆಚ್ಚಗಿಡುವುದು, ನೋವು ಕಳೆಯುವುದು, ಮೈ ಒರೆಸುವುದು, ದೇಹ ತಾಳುವಷ್ಟು ಹಾಲೂ ನೀರೂ ಕೊಡುವುದು, ಎತ್ತಿಕೊಳ್ಳುವುದು: ಇವನ್ನು ಯಾವ ಮಗುವಿಗೂ ತಪ್ಪಿಸುವಂತಿಲ್ಲ. 2020ರಲ್ಲಿ ವ್ಯಾಟಿಕನ್ ಹೊರಡಿಸಿದ 'ಸಮಾರಿತಾನುಸ್ ಬೋನುಸ್' ಪತ್ರ ಇದನ್ನು ಮತ್ತೆ ಒತ್ತಿ ಹೇಳಿದೆ. ಸಾವು ಖಚಿತವಾದ ಮಗುವನ್ನು ತಂತಿಗಳ ನಡುವೆ ಒಂಟಿಯಾಗಿ ಬಿಡುವುದಕ್ಕಿಂತ ತಾಯಿಯ ಮಡಿಲಿಗೆ ಕೊಡಿ ಎಂದು ಕೇಳುವುದು ಸೋಲಲ್ಲ.

ದುಡ್ಡಿನ ಮಾತು

ಈಗ ಎಲ್ಲಕ್ಕಿಂತ ಕಷ್ಟದ ಮಾತು. ಖರ್ಚನ್ನೂ ತೂಗಬಹುದೆಂದು ಧರ್ಮಸಭೆ ಹೇಳುತ್ತದೆ. ಹಾಗಾದರೆ ಬಡವನ ಮಗುವಿಗೆ ಬದುಕುವ ಹಕ್ಕು ಕಡಿಮೆಯೇ? ನಮ್ಮ ದೇಶದಲ್ಲಿ ಎಷ್ಟೋ ಕುಟುಂಬಗಳು ಕೈ ಖಾಲಿಯಾದ ದಿನ, ವೈದ್ಯರ ಸಲಹೆಗೆ ವಿರುದ್ಧವಾಗಿ ಕರೆದೊಯ್ಯುತ್ತಿದ್ದೇವೆ ಎಂದು ಬರೆದುಕೊಟ್ಟು ಮಗುವನ್ನು ಮನೆಗೆ ತರುತ್ತವೆ. ಚಿಕಿತ್ಸೆ ಫಲಿಸದೆ ಮನೆಗೆ ತರುವುದು ಬೇರೆ, ಫಲಿಸುತ್ತಿದ್ದ ಚಿಕಿತ್ಸೆಗೆ ಹಣವಿಲ್ಲದೆ ತರುವುದು ಬೇರೆ. ಎರಡನೆಯದರಲ್ಲಿ ತಂದೆತಾಯಿಯ ಮೇಲೆ ದೋಷ ಹೊರಿಸುವ ಅಧಿಕಾರ ನಮಗಾರಿಗೂ ಇಲ್ಲ. ಆ ಪ್ರಶ್ನೆ ಸುತ್ತಲಿದ್ದ ನಮಗೆ ಸೇರಿದ್ದು. ಒಂದು ಮನೆಗೆ ಹೊರಲಾರದ ಹೊರೆ ಇಡೀ ಊರಿಗೆ ಹೊರೆಯೇ ಅಲ್ಲದಿರಬಹುದು. ಒಬ್ಬರಿಗೆ ಅಸಾಧಾರಣವಾದ ಚಿಕಿತ್ಸೆಯನ್ನು ಹತ್ತು ಮನೆಯವರು ಸೇರಿ ಸಾಧಾರಣವಾಗಿಸಬಹುದು.

ತಿಳಿದಿರಬೇಕಾದ ಕೆಲವು ಸಂಗತಿಗಳಿವೆ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಕಾಯಿಲೆಬಿದ್ದ ನವಜಾತ ಶಿಶುವಿನ ಚಿಕಿತ್ಸೆ, ಔಷಧಿ, ರಕ್ತ, ವಾಹನ ಉಚಿತ. ಮೊದಲು 30 ದಿನಕ್ಕಿದ್ದ ಈ ಸೌಲಭ್ಯವನ್ನು ಆಮೇಲೆ ಒಂದು ವರ್ಷದ ತನಕದ ಮಕ್ಕಳಿಗೂ ವಿಸ್ತರಿಸಿದರು. ಗಡಿಯಲ್ಲಿರುವ ನಮಗೆ ಒಂದು ಎಚ್ಚರಿಕೆ: ಒಂದು ರಾಜ್ಯದ ವಿಮಾ ಕಾರ್ಡು ಇನ್ನೊಂದು ರಾಜ್ಯದ ಆಸ್ಪತ್ರೆಯಲ್ಲಿ ನಡೆಯುತ್ತದೋ ಇಲ್ಲವೋ ಎಂದು ಗರ್ಭಿಣಿಗೆ ಏಳು ತಿಂಗಳಾಗುವ ಮೊದಲೇ ವಿಚಾರಿಸಿಡಿ. ಚಾಮರಾಜನಗರ ಹತ್ತಿರವೆಂದು ಹೊರಟ ಮೇಲೆ ಕಾರ್ಡಿನ ಪ್ರಶ್ನೆ ಏಳಬಾರದು. ತೊಂದರೆಯ ಹೆರಿಗೆ ಎಂದು ಮೊದಲೇ ಹೇಳಿದ್ದರೆ, ಮಗು ಹುಟ್ಟಿದ ಮೇಲೆ ಘಟ್ಟ ಇಳಿಸುವುದಕ್ಕಿಂತ ಹುಟ್ಟುವ ಮುನ್ನ ತಾಯಿಯನ್ನೇ ದೊಡ್ಡ ಆಸ್ಪತ್ರೆಗೆ ಸೇರಿಸುವುದು ಲೇಸು. ಮಗುವಿಗೆ ತಾಯಿಯ ಗರ್ಭಕ್ಕಿಂತ ಒಳ್ಳೆಯ ಆಂಬುಲೆನ್ಸ್ ಇಲ್ಲ.

ತೂಕದ ಮಿತಿಯಿಲ್ಲದ ಕೃಪೆ

ಕೊನೆಯದಾಗಿ, ನಮ್ಮ ವಿಶ್ವಾಸ ಇಂಥ ಮಗುವನ್ನು ಹೇಗೆ ಕಾಣುತ್ತದೆ ಎಂಬುದು ಜ್ಞಾನಸ್ನಾನದ ನಿಯಮದಲ್ಲೇ ಇದೆ. ಮಗು ಸಾವಿನ ಅಪಾಯದಲ್ಲಿದ್ದರೆ ತಡಮಾಡದೆ ಜ್ಞಾನಸ್ನಾನ ಕೊಡಬೇಕೆಂದು ಧರ್ಮಸಭೆಯ ಕಾನೂನು ಹೇಳುತ್ತದೆ. ಗುರುಗಳು ಬರಲಾಗದಿದ್ದರೆ ಯಾರು ಬೇಕಾದರೂ ಕೊಡಬಹುದು: ತಂದೆ, ಅಜ್ಜಿ, ನರ್ಸು, ಧರ್ಮಸಭೆ ಮಾಡುವುದನ್ನೇ ಮಾಡುವ ಮನಸ್ಸಿದ್ದರೆ ಕ್ರೈಸ್ತರಲ್ಲದವರೂ ಕೊಡಬಹುದು. ಘಟಕದ ಸಿಸ್ಟರನ್ನು ಕೇಳಿ ಶುದ್ಧ ನೀರಿನ ಕೆಲವು ಹನಿ ಮಗುವಿನ ತಲೆಯ ಮೇಲೆ ಹರಿಸುತ್ತಾ, ಹೆಸರು ಹಿಡಿದು, ಪಿತ, ಸುತ ಹಾಗೂ ಪವಿತ್ರಾತ್ಮರ ನಾಮದಲ್ಲಿ ನಿನಗೆ ಜ್ಞಾನಸ್ನಾನ ಕೊಡುತ್ತೇನೆ ಎಂದರೆ ಸಾಕು. ಆಮೇಲೆ ಗುರುಗಳಿಗೆ ತಿಳಿಸಿ ದಾಖಲೆ ಪುಸ್ತಕದಲ್ಲಿ ಬರೆಸಿ. ಮಗು ಉಳಿದರೆ ಮತ್ತೆ ಜ್ಞಾನಸ್ನಾನ ಬೇಕಿಲ್ಲ; ಬಿಟ್ಟುಹೋದ ವಿಧಿಗಳನ್ನು ದೇವಾಲಯದಲ್ಲಿ ಪೂರೈಸಿದರಾಯಿತು. ಕೊಡುವ ಮುನ್ನವೇ ಮಗು ತೀರಿಕೊಂಡರೆ ಎದೆಗುಂದಬೇಡಿ. ಅಂಥ ಮಕ್ಕಳನ್ನು ಧರ್ಮಸಭೆ ದೇವರ ಕರುಣೆಗೆ ಒಪ್ಪಿಸುತ್ತದೆ, ಅವರ ರಕ್ಷಣೆಯನ್ನು ನಿರೀಕ್ಷಿಸುತ್ತದೆ. ತಂದೆತಾಯಿ ಜ್ಞಾನಸ್ನಾನ ಕೊಡಿಸುವ ಮನಸ್ಸಿನಲ್ಲಿದ್ದರೆ, ಧರ್ಮಾಧ್ಯಕ್ಷರ ಅನುಮತಿಯಿಂದ ಆ ಮಗುವಿಗೆ ಧರ್ಮಸಭೆಯ ಅಂತ್ಯಸಂಸ್ಕಾರವೂ ಸಲ್ಲುತ್ತದೆ. ಹೆಸರಿಲ್ಲದೆ, ರಾತ್ರಿ ಹೊತ್ತಿನಲ್ಲಿ, ಯಾರಿಗೂ ಹೇಳದೆ ಮಣ್ಣು ಮಾಡುವ ಹಳೆಯ ರೂಢಿ ಇನ್ನು ಸಾಕು.

ಎಪ್ಪತ್ತು ವರ್ಷ ಬಾಳಿದವರಿಗೂ ಎಪ್ಪತ್ತು ನಿಮಿಷ ಬಾಳಿದವರಿಗೂ ಒಂದೇ ನೀರು, ಒಂದೇ ನಾಮ. ಆ ಸಂಸ್ಕಾರಕ್ಕೆ ಇಷ್ಟು ತೂಕವಿರಬೇಕೆಂದಿಲ್ಲ, ಇಷ್ಟು ಬುದ್ಧಿಯಿರಬೇಕೆಂದಿಲ್ಲ, ಇಷ್ಟು ದಿನ ಉಳಿಯಬೇಕೆಂದೂ ಇಲ್ಲ. ದೇವರು ಅಳೆಯದೆ ಬಿಟ್ಟದ್ದನ್ನು ನಾವು ಅಳೆಯದಿರೋಣ. ಅಳೆಯಲೇಬೇಕಾದ ಚಿಕಿತ್ಸೆಯನ್ನು ಕಣ್ಣು ತೆರೆದು, ಮಗುವಿನ ನೋವನ್ನು ಮುಂದಿಟ್ಟುಕೊಂಡು, ಬಲ್ಲವರನ್ನು ಕೇಳಿ ಅಳೆಯೋಣ. ಈ ತಿಂಗಳು ನಿಮ್ಮ ಬೀದಿಯಲ್ಲಿ ಯಾರದಾದರೂ ಮಗು ಆಸ್ಪತ್ರೆಯಲ್ಲಿದೆ ಎಂದು ತಿಳಿದರೆ, "ಉಳಿಯುತ್ತದಾ?" ಎಂದು ಕೇಳುವ ಮೊದಲು "ಹೆಸರೇನಿಟ್ಟಿರಿ?" ಎಂದು ಕೇಳಿ. ಆಮೇಲೆ ಊಟ ಕಟ್ಟಿಕೊಂಡು ಹೋಗಿ, ಅವರ ಜೊತೆ ಒಂದು ಹೊತ್ತು ಕುಳಿತು ಬನ್ನಿ.